ಗುರ್ ಎಂದದ್ದು ನಾನಲ್ಲ

ಮೊದಲು ನಮ್ಮ ಮನೆತನದ ವಿಷಯ ಹೇಳಿಬಿಡುತ್ತೇನೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ಊರುಗಳಲ್ಲಿ ಎಲ್ಲಿ ಹೋಗಿ ನಮ್ಮ ಅಜ್ಜನ ಹೆಸರು ಹೇಳಿದರೂ ಕೂತವರು ಎದ್ದು ನಿಲ್ಲುತ್ತಿದ್ದರು. ಅಜ್ಜ ಹತ್ತಿ ವ್ಯಾಪಾರಿ. ಅಣ್ಣತಮ್ಮಂದಿರ ಜಗಳ ಕೋರ್ಟಿಗೆ ಹೋಗುವ ಮುಂಚೆ ನಮ್ಮ ಕಟ್ಟೆಗೆ ಬರುತ್ತಿತ್ತು. ಸೈಕಲ್ ಮೇಲೆ ಬಂದವರು ನಮ್ಮ ಮನೆಯ ಮುಂದೆ ಇಳಿದು, ತಳ್ಳಿಕೊಂಡು ದಾಟುತ್ತಿದ್ದರು. ಅಲ್ಲಿ ರಸ್ತೆಯಲ್ಲಿ ಗುಂಡಿ ಇತ್ತು, ಅದಕ್ಕೆ ಇಳಿಯುತ್ತಿದ್ದರು ಎಂದು ಈಗಿನ ಕೆಲವರು ಹೇಳುತ್ತಾರೆ. ಗುಂಡಿ ಆಮೇಲೆ ಬಿದ್ದದ್ದು. ಗೌರವ ಮೊದಲಿನಿಂದ ಇತ್ತು.

ನನ್ನನ್ನು ಬಳ್ಳಾರಿಯ ಕಾನ್ವೆಂಟಿಗೆ ಸೇರಿಸಿದ್ದು ಅದೇ ಅಜ್ಜ. ಬೆನ್ನು ನೆಟ್ಟಗಿಟ್ಟು ಕೂರುವುದನ್ನೂ, ಏನು ಬೇಕಾದರೂ ಮೊದಲು 'ದಯವಿಟ್ಟು' ಎನ್ನುವುದನ್ನೂ ಅಲ್ಲಿನ ಸಿಸ್ಟರ್‌ಗಳು ಕಲಿಸಿದರು. ಆ ಕಲಿಕೆಯೊಂದಿಗೆ ನಾನು ಟೆಲಿಫೋನ್ ಆಪರೇಟರ್ ಆದೆ. ಇಷ್ಟು ನೇರವಾಗಿ ನಡೆದುಕೊಂಡವಳ ಸುತ್ತಲೇ ನಗೆಯ ಪ್ರಸಂಗಗಳು ಯಾಕೆ ಬಂದು ಸೇರಿಕೊಳ್ಳುತ್ತವೆಯೋ ತಿಳಿಯದು. ನಾನಂತೂ ಯಾರನ್ನೂ ನಗಿಸಲು ಹೋದವಳಲ್ಲ.

ನಮ್ಮ ಎಕ್ಸ್‌ಚೇಂಜ್ ಮೇಲೆ ಹೇಳಿದ ಐದು ಊರುಗಳಲ್ಲಿ ಒಂದರಲ್ಲಿತ್ತು. ಯಾವುದು ಎಂದು ಹೇಳುವುದಿಲ್ಲ. ಹೇಳಿದರೆ ಒಂದು ಊರಿನವರು ಜಗಳಕ್ಕೆ ಬರುತ್ತಾರೆ, ಹೇಳದಿದ್ದರೆ ಉಳಿದ ನಾಲ್ಕು ಊರಿನವರು ಅದು ನಮ್ಮದೇ ಎನ್ನುತ್ತಾರೆ.

ತೊಂಬತ್ತರ ದಶಕದ ಆರಂಭದ ಮಾತು. ನಮ್ಮ ಕಡೆ ಫೋನುಗಳಿಗೆ ಅಂಕಿಯ ಗುಂಡಿಗಳೇ ಇರಲಿಲ್ಲ. ಮನೆಯಲ್ಲಿ ಯಾರಾದರೂ ರಿಸೀವರ್ ಎತ್ತಿದರೆ ನನ್ನ ಬೋರ್ಡಿನಲ್ಲಿ ಆ ಮನೆಯ ಪುಟ್ಟ ಮುಚ್ಚಳ ಟಕ್ ಎಂದು ಬೀಳುತ್ತಿತ್ತು. ನಾನು ವೈರಿನ ಒಂದು ತುದಿ ಅಲ್ಲಿ ಚುಚ್ಚಿ "ನಂಬರ್ ಹೇಳಿ" ಎನ್ನುತ್ತಿದ್ದೆ. ಅವರು ಹೇಳಿದ ಕಡೆ ಇನ್ನೊಂದು ತುದಿ ಚುಚ್ಚುತ್ತಿದ್ದೆ. ಊರಿನಲ್ಲಿ ಯಾರು ಯಾರೊಡನೆ ಮಾತಾಡಿದರೂ ಆ ಮಾತು ನನ್ನ ಎರಡು ಕೈಗಳ ನಡುವಿನಿಂದಲೇ ಹೋಗಬೇಕು.

ಮಧ್ಯಾಹ್ನ ಊರೆಲ್ಲ ಉಂಡು ಅಡ್ಡಾದ ಮೇಲೆ ಬೋರ್ಡು ಸುಮ್ಮನಾಗುತ್ತಿತ್ತು. ಆಗ ಹೆಡ್‌ಫೋನಿನಲ್ಲಿ ತಂತಿಗಳಿಗೆ ಗಾಳಿ ತಾಗುವುದು ಕೇಳಿಸುತ್ತಿತ್ತು. ಹಡಗಲಿಯ ದಾರಿಯಲ್ಲಿ ಎಲ್ಲೋ ಮಳೆ ಹಿಡಿದರೆ ದೂರದಲ್ಲಿ ಯಾರೋ ಜೀರಿಗೆ ಹುರಿದ ಹಾಗೆ ಸಣ್ಣ ಸದ್ದು. ಹೊರಗೆ ಮಾತ್ರ ಉರಿಬಿಸಿಲು. ಆ ಹೊತ್ತಿನಲ್ಲಿ ನಾನು ಗಾಜಿನ ಕೋಣೆಯ ಕಡೆ ನೋಡುತ್ತಿದ್ದೆ. ಅದು ಸೂಪರ್‌ವೈಸರ್ ಕೋಣೆ. ಹಿಂದಿನವರು ನಿವೃತ್ತರಾದ ಮೇಲೆ ಅಲ್ಲಿನ ಕೈ ಇರುವ ಕುರ್ಚಿ ಧೂಳು ಹಿಡಿದು ಕೂತಿತ್ತು. ನಾನು ಇಲಾಖೆಯ ಪರೀಕ್ಷೆ ಪಾಸಾಗಿದ್ದೆ. ಬಳ್ಳಾರಿಯ ದೊಡ್ಡ ಸಾಹೇಬರು ಒಂದು ಮಾತು ಹೇಳಿದರೆ ಆ ಕುರ್ಚಿ ನನ್ನದು. ಸಂಜೆ ಬಿಸಿಲು ಗಾಜಿನಿಂದ ಇಳಿದು ಅದರ ಮೇಲೆ ಕೂತಾಗ, ಅಲ್ಲಿ ನಾನೇ ಬೆನ್ನು ನೆಟ್ಟಗಿಟ್ಟು ಕೂತಿರುವುದು ಕಾಣುತ್ತಿತ್ತು.

ಅಷ್ಟರಲ್ಲಿ ಹೊಸ ಇಂಜಿನಿಯರ್ ಬಂದರು. ಚಿಕ್ಕ ವಯಸ್ಸು, ದೊಡ್ಡ ನಡಿಗೆ. ತಾನಾಗಿಯೇ ನಂಬರ್ ಜೋಡಿಸುವ ಯಂತ್ರ ಬರಲಿದೆ, ಆಮೇಲೆ ನನ್ನ ಬೋರ್ಡು ಸೌದೆಗೆ, ನಾನು ಬಳ್ಳಾರಿಯ ಗೋದಾಮಿಗೆ ಎಂದು ಬಂದ ದಿನವೇ ಹೇಳಿದರು. ನಾನು ಕುರ್ಚಿಯ ವಿಷಯ ಎತ್ತಿದೆ. "ಕನಸಿಗೇನ್ರಿ ಅಕ್ಕಾವ್ರ," ಎಂದರು, "ಕಾಣ್ರಿ."

ದಯವಿಟ್ಟು

ಶೇಂಗಾ ಎಣ್ಣೆ ಮಿಲ್ಲಿನ ಸಾಹುಕಾರರು ಒಂದು ಬೆಳಿಗ್ಗೆ ಫೋನ್ ಎತ್ತಿ, "ಏ, ಬಳ್ಳಾರಿ ಹಚ್ಚು" ಎಂದರು.

"ದಯವಿಟ್ಟು ಬಳ್ಳಾರಿ ಕೊಡಿ ಎನ್ನಿ" ಎಂದೆ.

"ನಾ ಯಾರಂತ ಗೊತ್ತೈತೇನು?"

"ಗೊತ್ತಿದೆ. ಅದಕ್ಕೇ ಹೇಳಿಕೊಡುತ್ತಿದ್ದೇನೆ."

ಅವರು ಫೋನ್ ಕುಕ್ಕಿದರು. ಸ್ವಲ್ಪ ಹೊತ್ತಿಗೆ ಮುಚ್ಚಳ ಮತ್ತೆ ಬಿತ್ತು. ಈ ಸಲ ಗುಮಾಸ್ತ ಬಂದು ಸಾಹುಕಾರರ ಪರವಾಗಿ ದಯವಿಟ್ಟು ಎಂದ. ಮಾತಾಡುವವರೇ ಹೇಳಬೇಕು ಎಂದೆ. ಆಮೇಲೆ ಅವರ ಹೆಂಡತಿ ಬಂದರು. ತಮ್ಮ ಯಜಮಾನರ ಬಾಯಿಗೆ ಮದುವೆಯಾದ ದಿನದಿಂದ ಆ ಮಾತು ಬಂದಿಲ್ಲ, ಬಂದರೆ ತಮಗೂ ಕೇಳುವ ಆಸೆ ಇದೆ, ಬಿಡಬೇಡಿ ಎಂದು ಮೆಲ್ಲಗೆ ಹೇಳಿ ಇಟ್ಟರು. ಸಾಹುಕಾರರು ಇಂಜಿನಿಯರ್‌ಗೆ ದೂರು ಕೊಟ್ಟರು. ಕೊಟ್ಟುಬಿಡಿ ಎಂದು ಇಂಜಿನಿಯರ್ ನನ್ನ ಬೆನ್ನ ಹಿಂದೆ ನಿಂತು ಕೈ ಕೈ ಹಿಸುಕಿಕೊಂಡರು. ಸೌಜನ್ಯದಿಂದ ಮಾತಾಡಿ ಎಂದು ಇಲಾಖೆಯೇ ಗೋಡೆಗೆ ಬರೆಸಿದೆ, ಮೊದಲು ಗೋಡೆ ಅಳಿಸಿ ಎಂದೆ.

ಬಳ್ಳಾರಿಯಲ್ಲಿ ಎಣ್ಣೆಯ ದರ ಇಳಿಯತೊಡಗಿತು. ಸಂಜೆ ಮುಚ್ಚಳ ಬಿತ್ತು. ಸಾಹುಕಾರರ ಮಾತು ಹಲ್ಲಿನ ಸಂದಿಯಿಂದ ಬಂತು: "ನಮಸ್ಕಾರ್ರಿ ಅಕ್ಕಾವ್ರ. ದಯವಿಟ್ಟು ಬಳ್ಳಾರಿ ಕೊಡ್ರಿ."

ತಕ್ಷಣ ಕೊಟ್ಟೆ. ಸಾಹುಕಾರರು ಆ ಕಡೆಯ ದಲ್ಲಾಳಿಯನ್ನು ತಾತ ಮುತ್ತಾತರ ಸಮೇತ ಬೈದರು. ಅದರ ಬಗ್ಗೆ ನಾನು ನಿಯಮ ಮಾಡಿರಲಿಲ್ಲ.

ಸುದ್ದಿ ಊರೆಲ್ಲ ಹರಡಿತು. ಅಲ್ಲಿಂದ ಮುಂದೆ ಯಾರ ಮನೆಯಲ್ಲಿ ಫೋನ್ ಎತ್ತಿದರೂ ಮೊದಲು ನಮಸ್ಕಾರ, ಆಮೇಲೆ ದಯವಿಟ್ಟು, ಕೊನೆಗೆ ನಂಬರ್. ಮಕ್ಕಳಿಗೂ ಮಗ್ಗಿಯ ಜೊತೆ ಅದನ್ನೇ ಕಲಿಸಿದರು.

ತಾಯಿ, ಮಗಳು, ನಾನು

ನಮ್ಮ ಓಣಿಯ ಒಬ್ಬ ಹೆಂಗಸು ಮಗಳನ್ನು ಹಡಗಲಿಗೆ ಕೊಟ್ಟಿದ್ದರು. ಮಗಳು ಮೊದಲ ಸಲ ಗಂಡನ ಮನೆಗೆ ಹೋದ ಮೇಲೆ ಹಡಗಲಿಗೆ ಟ್ರಂಕ್ ಕಾಲ್ ಬುಕ್ ಮಾಡಿದರು. ಟ್ರಂಕ್ ಕಾಲ್ ಎಂದರೆ ಪರ ಊರಿಗೆ ಮಾತಾಡುವುದು. ಮೂರು ನಿಮಿಷಕ್ಕೆ ಒಂದು ಲೆಕ್ಕ.

ಲೈನ್ ಸಿಕ್ಕಿತು. "ಅವ್ವಾ" ಎಂದಳು ಮಗಳು. "ಹೂಂ" ಎಂದರು ತಾಯಿ. ಅಷ್ಟೇ. ತಂತಿಯಲ್ಲಿ ಗಾಳಿ ಹಾಡುತ್ತಿತ್ತು. ಆ ತುದಿಯಲ್ಲಿ ಯಾರದೋ ಮನೆಯ ಕೋಳಿ, ಈ ತುದಿಯಲ್ಲಿ ಒಲೆಯ ಮೇಲೆ ಏನೋ ಕುದಿಯುವ ಸದ್ದು. ಇಬ್ಬರ ನಡುವೆ ಅಷ್ಟು ಹೊಲ, ಅಷ್ಟು ಹಳ್ಳ, ಅಷ್ಟು ಕಂಬ. ಸಮಯ ಮುಗಿಯಿತು ಎಂದು ಹೇಳಲೇಬೇಕಾಯಿತು, ಹೇಳಿದೆ.

"ಅಕ್ಕಾವ್ರ," ಎಂದರು ತಾಯಿ, "ಇನ್ನೊಂದು ಸಲ ಕೊಡ್ರಿ, ದಯವಿಟ್ಟು. ಆಕಿ ಅತ್ತಿ ಅಲ್ಲೇ ಕುಂತಿರಬೇಕು. ನನಗ ಹೇಳಂಗಿಲ್ಲ. ನೀವ ಕೇಳ್ರಿ ಏನ್ ಬೇಕಂತ. ನಿಮಗಾದ್ರ ಹೇಳ್ತಾಳ."

ಇದು ಆಪರೇಟರ್ ಕೆಲಸವಲ್ಲ. ಆದರೆ ಲೈನ್ ಸರಿಯಿದೆಯೇ ಎಂದು ಪರೀಕ್ಷಿಸುವುದು ನನ್ನ ಕೆಲಸ. "ಹಡಗಲಿ, ಅಲ್ಲಿ ಏನು ಕೊರತೆ ಇದೆ?" ಎಂದು ಇಲಾಖೆಯ ಧ್ವನಿಯಲ್ಲೇ ಕೇಳಿದೆ.

"ಶೇಂಗಾ ಹಿಂಡಿ ಇಲ್ರಿ," ಎಂದಳು ಹುಡುಗಿ, ಇಲಾಖೆಗೆ ಉತ್ತರ ಕೊಡುವವಳ ಹಾಗೆ. "ಇಲ್ಲಿ ಚಟ್ನಿಗೆ ಸಕ್ಕರಿ ಹಾಕ್ತಾರ್ರಿ."

ಹಿಂಡಿ ಎಂದರೆ ನಮ್ಮ ಕಡೆ ಚಟ್ನಿಪುಡಿ. ಎರಡು ಡಬ್ಬಿ ತಯಾರಾಯಿತು. ಒಂದು ಹಡಗಲಿಗೆ ಹೋಯಿತು. ಇನ್ನೊಂದು ಎಕ್ಸ್‌ಚೇಂಜಿಗೆ ಬಂತು. ಹೆಚ್ಚು ಮಾತಾಡಿದ್ದು ನಾನೇ ಅಂತೆ. ಇಂಜಿನಿಯರ್ ಅದನ್ನು ನೋಡಿ, ಆಪರೇಟರ್ ಉಡುಗೊರೆ ಪಡೆಯುತ್ತಾಳೆ ಎಂದು ಮೇಲಿನವರಿಗೆ ಹೇಳುತ್ತೇನೆ ಎಂದರು. ಸಾಕ್ಷಿಗೆ ಡಬ್ಬಿಯನ್ನು ತಮ್ಮ ಮೇಜಿನ ಮೇಲಿಟ್ಟುಕೊಂಡರು. ವಾರ ಕಳೆಯುವುದರೊಳಗೆ ಸಾಕ್ಷಿ ತಳ ಕಂಡಿತ್ತು.

ಹಾಲು

ನಾನು ಬೋರ್ಡಿನ ಮುಂದೆ ನಿದ್ದೆ ಮಾಡುತ್ತೇನೆಂದು ಸಾಬೀತು ಮಾಡಿದರೆ ಕುರ್ಚಿಯ ವಿಷಯ ಅಲ್ಲಿಗೇ ಮುಗಿಯುತ್ತದೆ ಎಂದು ಇಂಜಿನಿಯರ್ ಲೆಕ್ಕ ಹಾಕಿದರು. ಒಂದು ಮಧ್ಯಾಹ್ನ ಚಪ್ಪಲಿ ಕೈಯಲ್ಲಿ ಹಿಡಿದು, ನಮ್ಮ ಲೈನ್‌ಮನ್‌ನನ್ನು ಸಾಕ್ಷಿಗೆ ಕರೆದುಕೊಂಡು, ನನ್ನ ಹಿಂದೆ ಬಂದು ನಿಂತರು.

ನನ್ನ ಕಣ್ಣು ಮುಚ್ಚಿತ್ತು. ನಿದ್ದೆಯಲ್ಲ. ಕುರ್ಚಿಯನ್ನು ಯಾವ ಕಡೆ ಮುಖ ಮಾಡಿ ಇಟ್ಟರೆ ಬೋರ್ಡೂ ಬಾಗಿಲೂ ಎರಡೂ ಕಾಣುತ್ತವೆ ಎಂದು ನೋಡುತ್ತಿದ್ದೆ. ಅದನ್ನು ನೋಡಲು ಕಣ್ಣು ಮುಚ್ಚಲೇಬೇಕು. ಹರಪನಹಳ್ಳಿಯ ತಂತಿ ಕಿವಿಯಲ್ಲಿ ತೂಗುತ್ತಿತ್ತು. ಆ ತೂಗಿನಲ್ಲಿ ಕುರ್ಚಿ ಒಮ್ಮೆ ಮೇಲೆ ಹೋಗುತ್ತಿತ್ತು, ಒಮ್ಮೆ ಕೆಳಗೆ ಬರುತ್ತಿತ್ತು.

ಇಂಜಿನಿಯರ್ ಗೆದ್ದವರ ಹಾಗೆ ಕೆಮ್ಮಿದರು. "ನಂಬರ್ ಹೇಳಿ" ಎಂದೆ.

ಅವರು ಬೆಚ್ಚಿಬಿದ್ದು ತಮ್ಮ ಮನೆಯ ನಂಬರ್ ಹೇಳಿಬಿಟ್ಟರು. ನನ್ನ ಕೈ ತಾನಾಗಿಯೇ ಹೋಗಿ ಚುಚ್ಚಿತು. ಹೆಡ್‌ಫೋನ್ ತೆಗೆದು ಅವರ ಕೈಗೆ ಕೊಟ್ಟೆ. ಅವರು ಹಲೋ ಎಂದರು. ಆ ಕಡೆಯಿಂದ ಅವರ ಹೆಂಡತಿಯ ಧ್ವನಿ ಲೈನ್‌ಮನ್‌ಗೂ ಕೇಳುವಷ್ಟು ಸ್ಪಷ್ಟವಾಗಿ ಬಂತು: "ಹಾಲು ತರಾಕ ಹೋದಾವ್ರು ಎಲ್ಲಿ ನಿಂತ್ರಿ? ಮಗು ಅಳಾಕ ಹತ್ತೈತಿ."

ಅವರು ಚಪ್ಪಲಿ ಹಾಕಿಕೊಳ್ಳದೆ ಓಡಿದರು. ಆದರೂ ನಾನು ನಿದ್ದೆಯಲ್ಲಿದ್ದೆ ಎಂದು ಎಲ್ಲ ಕಡೆ ಹೇಳುವುದನ್ನು ಬಿಡಲಿಲ್ಲ. ನಿದ್ದೆಯಲ್ಲಿದ್ದವಳು ಲೈನ್ ಜೋಡಿಸುತ್ತಾಳೆಯೇ ಎಂದು ಯಾರೂ ಕೇಳಲಿಲ್ಲ.

ಮುಹೂರ್ತ

ಯಂತ್ರ ಬಂತು. ಪಕ್ಕದ ಕೋಣೆಯಲ್ಲಿ ಕಬ್ಬಿಣದ ಬೀರುಗಳ ಹಾಗೆ ಸಾಲಾಗಿ ನಿಂತಿತು. ಮನೆಮನೆಗೂ ಗುಂಡಿಗಳಿರುವ ಹೊಸ ಫೋನ್ ಕೊಟ್ಟರು. ಉದ್ಘಾಟನೆಗೆ ಬಳ್ಳಾರಿಯ ದೊಡ್ಡ ಸಾಹೇಬರೇ ಬರುವವರಿದ್ದರು. ನನ್ನನ್ನು ಗೋದಾಮಿಗೆ ಕಳಿಸುವುದೋ, ಕುರ್ಚಿಯಲ್ಲಿ ಕೂರಿಸುವುದೋ, ಅವತ್ತೇ ತೀರ್ಮಾನ. ಇಂಜಿನಿಯರ್ ಆಟೋಕ್ಕೆ ಮೈಕ್ ಕಟ್ಟಿಸಿ ಊರೆಲ್ಲ ಸಾರಿಸಿದರು: ಸಾಹೇಬರು ಸ್ವಿಚ್ ಹಾಕುವ ಹೊತ್ತಿಗೆ ಎಲ್ಲರೂ ಫೋನ್ ಎತ್ತಿ ಮಾತಾಡಿ ಆನಂದಿಸಬೇಕು. ಗುಂಡಿ ಒತ್ತಬೇಕು ಎಂದು ಸಾರಿಸಲಿಲ್ಲ. ಅಷ್ಟು ಗೊತ್ತಿಲ್ಲದವರು ಯಾರಿರುತ್ತಾರೆ ಎಂದರು.

ನಮ್ಮ ಕಡೆ ಹೊಸ ವಸ್ತು ಮನೆಗೆ ಬಂದರೆ ಪೂಜೆಯಾಗದೆ ಮುಟ್ಟುವುದಿಲ್ಲ. ಉದ್ಘಾಟನೆಯ ಹೊತ್ತನ್ನೇ ಮುಹೂರ್ತ ಮಾಡಿಕೊಂಡು ಮನೆಮನೆಯಲ್ಲೂ ಫೋನಿಗೆ ವಿಭೂತಿ ಹಚ್ಚಿ, ಮಲ್ಲಿಗೆ ಮಾಲೆ ಹಾಕಿ, ಕಾಯಿ ಒಡೆದರು. ಗುಂಡಿಗಳು ಹೊಲಸಾಗಬಾರದೆಂದು ಪ್ಲಾಸ್ಟಿಕ್ ಕವರ್ ಮಾತ್ರ ತೆಗೆಯಲಿಲ್ಲ.

ಬೆಳಿಗ್ಗೆಯೇ ಲೈನ್‌ಮನ್ ಹಳೇ ಬೋರ್ಡಿನ ತಂತಿಗಳನ್ನು ಬಿಡಿಸಿದ್ದ. ನಾನು ಗಂಜಿ ಹಾಕಿದ ಸೀರೆ ಉಟ್ಟು ಬಂದು ಅದರ ಮೇಲೆ ಒಮ್ಮೆ ಕೈ ಇಟ್ಟೆ. ತಣ್ಣಗಿತ್ತು. ಅಷ್ಟೂ ಮುಚ್ಚಳಗಳು ಮುಚ್ಚಿದ ರೆಪ್ಪೆಗಳ ಹಾಗೆ ಕಂಡವು. ಆಮೇಲೆ ಹೋಗಿ, ನನಗೆ ತೋರಿಸಿದ್ದ ಹಿಂದಿನ ಸಾಲಿನಲ್ಲಿ ಕೂತೆ.

ಸಾಹೇಬರು ಸ್ವಿಚ್ ಹಾಕಿದರು. ಚಪ್ಪಾಳೆ ಬಿತ್ತು. ಮೊದಲ ಕರೆ ಊರಿನ ಡಾಕ್ಟರ ಮನೆಗೆ. ಎಂಗೇಜ್. ಅಂಗಡಿ ಸಾಲಿನ ಒಂದು ನಂಬರ್ ಒತ್ತಿದರು. ಅದೂ ಎಂಗೇಜ್. ಇಂಜಿನಿಯರ್ ತಾವೇ ಒತ್ತಿ ನೋಡಿದರು, ತಮ್ಮ ಮನೆಯೂ ಎಂಗೇಜ್. ಊರಿನ ಅಷ್ಟೂ ಲೈನುಗಳನ್ನು ಯಾರೋ ಒಟ್ಟಿಗೆ ಹಿಡಿದುಕೊಂಡು ಬಿಡಲೊಲ್ಲರು. ಇಂಜಿನಿಯರ್ ಬೀರುಗಳ ಬಾಗಿಲು ತೆಗೆಯುತ್ತಾ, ಹಾಕುತ್ತಾ ಬೆವರತೊಡಗಿದರು.

"ಮೆಷಿನ್ ಕೆಟ್ಟೈತೇನ್ರಿ?" ಎಂದರು ಸಾಹೇಬರು.

"ಕೆಟ್ಟಿಲ್ಲ," ಎಂದೆ ಹಿಂದಿನ ಸಾಲಿನಿಂದ ಎದ್ದು. "ಅವರು ಕಾಯುತ್ತಿದ್ದಾರೆ."

"ಯಾರನ್ನ?"

"ನನ್ನನ್ನು."

ಇಂಜಿನಿಯರ್ ನಕ್ಕರು. ಸಾಹೇಬರು ನಗಲಿಲ್ಲ. ಲೈನ್‌ಮನ್ ತನ್ನ ಪರೀಕ್ಷೆಯ ಫೋನನ್ನು ಶೇಂಗಾ ಸಾಹುಕಾರರ ಲೈನಿಗೆ ಸಿಕ್ಕಿಸಿ ಕಿವಿಗಿಟ್ಟುಕೊಂಡ. ತುಟಿ ಕಚ್ಚಿಕೊಂಡು ಸಾಹೇಬರಿಗೆ ಕೊಟ್ಟ. ಸಾಹೇಬರು ಕೇಳಿ, ಎಲ್ಲರಿಗೂ ಕೇಳಲಿ ಎಂದು ಎತ್ತಿ ಹಿಡಿದರು. ಹೊಸ ಯಂತ್ರದಲ್ಲಿ ಫೋನ್ ಎತ್ತಿದರೆ, ಇನ್ನು ನಂಬರ್ ಒತ್ತಬಹುದು ಎಂದು ತಿಳಿಸಲು ಗುರ್ ಎಂಬ ಸದ್ದು ಬರುತ್ತದೆ. ಸಾಹುಕಾರರು ಆ ಸದ್ದಿನ ಜೊತೆ ಮಾತಾಡುತ್ತಿದ್ದರು.

"ನಮಸ್ಕಾರ್ರಿ ಅಕ್ಕಾವ್ರ. ದಯವಿಟ್ಟು ಬಳ್ಳಾರಿ ಕೊಡ್ರಿ."

ಗುರ್.

"ದಯವಿಟ್ಟು ಅಂದೆನ್ರಿ."

ಗುರ್.

ಧ್ವನಿ ಹೆಂಡತಿಯ ಕಡೆ ತಿರುಗಿತು. "ಅಕ್ಕಾವ್ರು ಬಾಳ ಸಿಟ್ಟಾಗ್ಯಾರ ಲೇ. ಮಾತಾಡವಲ್ರು. ಬರೇ ಗುರ್ ಅಂತಾರ."

"ಅವತ್ತ ಫೋನ್ ಕುಕ್ಕಿದ್ದು ಮರ್ತಿಲ್ಲ ನೋಡ್ರಿ," ಎಂದರು ಹೆಂಡತಿ. "ತಪ್ಪಾತು ಅನ್ರಿ."

"ತಪ್ಪಾತ್ರಿ ಅಕ್ಕಾವ್ರ."

ಗುರ್.

ಸಾಹೇಬರು ಕಣ್ಣೊರೆಸಿಕೊಂಡು ಫೋನನ್ನು ನನ್ನ ಕೈಗಿಟ್ಟರು.

"ಸಾಹುಕಾರರೇ," ಎಂದೆ, "ಗುರ್ ಎಂದದ್ದು ನಾನಲ್ಲ. ಕವರ್ ತೆಗೆದು ಗುಂಡಿ ಒತ್ತಿ."

"ಬಂದ್ರ್ಯಾ ಅಕ್ಕಾವ್ರ? ಹಂಗಾದ್ರ ಅದು ಯಾರ್ರಿ?"

"ಇಂಜಿನಿಯರ್ ಅವರ ಯಂತ್ರ."

ಅವರು ಸ್ವಲ್ಪ ಯೋಚಿಸಿದರು. "ಅದಕ್ಕೂ ದಯವಿಟ್ಟು ಅನಬೇಕೇನ್ರಿ?"

ನಾನೂ ಯೋಚಿಸಿದೆ. "ಅಂದರೆ ತಪ್ಪಿಲ್ಲ" ಎಂದೆ.

ಸಂಜೆಯವರೆಗೆ ಲೈನ್‌ಮನ್ ಒಂದೊಂದೇ ಲೈನಿಗೆ ಸಿಕ್ಕಿಸಿದ, ನಾನು ಒಂದೊಂದೇ ಮನೆಗೆ ಹೇಳಿದೆ. ಗುರ್ ಎಂದದ್ದು ನಾನಲ್ಲ, ಕವರ್ ತೆಗೆಯಿರಿ. ನನ್ನ ಧ್ವನಿ ಕೇಳಿದ ಮೇಲೇ ಊರು ಉಸಿರಾಡಿತು. ಸಾಹೇಬರು ಹೊರಡುವಾಗ ಗಾಜಿನ ಕೋಣೆಯ ಮುಂದೆ ನಿಂತು, "ಇಂಜಿನಿಯರ್ರ, ಆ ಕುರ್ಚಿ ಒರಸ್ರಿ" ಎಂದರು. ಇಂಜಿನಿಯರ್ ಒರೆಸಿದರು. ನಾನು ಕೂತೆ. ಕನಸಿನಲ್ಲಿದ್ದುದಕ್ಕಿಂತ ಒಂದಿಷ್ಟು ತಗ್ಗಾಗಿತ್ತು. ಆದರೆ ಬೋರ್ಡೂ ಬಾಗಿಲೂ ಎರಡೂ ಕಾಣುತ್ತಿದ್ದವು.

ಇದನ್ನೆಲ್ಲ ಈಗ ಬರೆಯಲು ಕಾರಣವಿದೆ. ಮೊನ್ನೆ ಕೊಟ್ಟೂರಿನ ಹತ್ತಿರದ ಉಜ್ಜಿನಿಯಲ್ಲಿ ಒಂದು ಮದುವೆಯ ಊಟಕ್ಕೆ ಕೂತಾಗ, ಈಗ ದೊಡ್ಡ ಅಧಿಕಾರಿಯಾಗಿರುವ ಆ ಇಂಜಿನಿಯರ್ ನನ್ನ ಬೆನ್ನ ಹಿಂದಿನ ಪಂಕ್ತಿಯಲ್ಲಿದ್ದರು. ನಾನಿರುವುದು ಅವರಿಗೆ ಗೊತ್ತಿರಲಿಲ್ಲ. ಆಪರೇಟರ್ ಅಕ್ಕ ಬೋರ್ಡಿನ ಮುಂದೆ ಸದಾ ನಿದ್ದೆಯಲ್ಲಿರುತ್ತಿದ್ದಳು, ಊರನ್ನು ಕೆಡಿಸಿ ತಮ್ಮ ಹೊಸ ಯಂತ್ರಕ್ಕೆ ಕೆಟ್ಟ ಹೆಸರು ತಂದಳು ಎಂದರು. ಸುತ್ತಲಿನವರು ಬಾಯಲ್ಲಿ ಹೋಳಿಗೆ ಇಟ್ಟುಕೊಂಡೇ ನಕ್ಕರು. ನಮ್ಮ ಮನೆತನದವರು ಪಂಕ್ತಿಯ ನಡುವೆ ಏಳುವುದಿಲ್ಲ. ನಾನು ಊಟ ಮುಗಿಸಿ ಮನೆಗೆ ಬಂದೆ.

ನಾನು ನಿದ್ದೆ ಮಾಡಲಿಲ್ಲ. ಊರನ್ನು ಕೆಡಿಸಲಿಲ್ಲ. ಅವತ್ತು ಇಡೀ ಊರು ಅವರ ಯಂತ್ರಕ್ಕೆ ದಯವಿಟ್ಟು ಎಂದಿತು. ಅವರು ನನಗೆ ಒಂದು ದಿನವೂ ಎನ್ನಲಿಲ್ಲ. ನನ್ನ ನಂಬರ್ ಅವರ ಬಳಿ ಇದೆ, ಗುಂಡಿ ಒತ್ತುವುದೂ ಅವರಿಗೆ ಗೊತ್ತಿದೆ.

ಅವರು ಕ್ಷಮೆ ಕೇಳಬೇಕು.