ನಮ್ಮ ಭಾವನವರ ಬೆಳೆಯುವ ಕೋಣೆ

ನಮ್ಮ ಭಾವನವರಿಗೆ ತಲೆ ಕೆಟ್ಟಿದೆ ಎಂದು ತ್ಯಾಮಗೊಂಡ್ಲಿನ ಜನ ಆಡಿಕೊಳ್ಳುತ್ತಿದ್ದರು. ನಾನು ಮಾತ್ರ ಆ ಮಾತನ್ನು ಯಾವತ್ತೂ ಒಪ್ಪಿದವಳಲ್ಲ. ಕೆಡುವುದಕ್ಕೆ ಮೊದಲು ತಲೆ ಅಂತ ಒಂದು ಇರಬೇಕಲ್ಲ! ಅವರ ಕುತ್ತಿಗೆಯ ಮೇಲಿದ್ದದ್ದು ರುಮಾಲು ಸುತ್ತಲು ಅನುಕೂಲವಾದ ಒಂದು ಉಂಡೆ, ಅಷ್ಟೆ.

ಭಾವ ಎಂದರೆ ನನ್ನ ಗಂಡನ ಅಣ್ಣ. ಸರ್ವೆ ಇಲಾಖೆಯಲ್ಲಿ ಕೆಲಸ. ತಾಲ್ಲೂಕಿನ ಹೊಲ ಗದ್ದೆಗಳ ಮೇಲೆಲ್ಲ ಸರಪಳಿ ಎಳೆದು ಅಳೆಯುವುದು ಅವರ ಉದ್ಯೋಗ. ಅಲ್ಲಿ ಅಳೆದದ್ದು ಸಾಲದೆ ಮನೆಗೆ ಬಂದರೂ ಅಳೆಯುವ ಚಟ. ತಟ್ಟೆಯಲ್ಲಿ ಮುದ್ದೆ ಬಿದ್ದ ಕೂಡಲೇ ಕಣ್ಣಲ್ಲೇ ಅಳೆದು, "ನೆನ್ನೆಗಿಂತ ಕಾಲಂಗುಲ ಕಮ್ಮಿ ಐತೆ" ಎನ್ನುತ್ತಿದ್ದರು. ಅಂಥವರಿಗೆ ಬಡಿಸುವ ಸೊಸೆಯ ಗತಿ ಏನು, ನೀವೇ ಹೇಳಿ!

ನಾನು ಸೂಲಿಬೆಲೆಯಿಂದ ಮದುವೆಯಾಗಿ ಆ ಮನೆಗೆ ಬಂದದ್ದು ಯುದ್ಧ ಶುರುವಾದ ಮಾರನೆಯ ವರ್ಷ. ದೊಡ್ಡ ಹಜಾರ, ಅಡಿಗೆಮನೆ, ಹಿಂದೆ ಕೊಟ್ಟಿಗೆ. ಬಾಗಿಲು ಅಂತ ಇದ್ದ ಕೋಣೆ ಒಂದೇ. ಅದರಲ್ಲಿ ರಾಗಿ ತುಂಬಿಡುವ ಮಣ್ಣಿನ ವಾಡೆಗಳಿದ್ದವಂತೆ. ನಾನು ಹೊಸಿಲು ದಾಟಿ ನೋಡುತ್ತೇನೆ, ಕೋಣೆ ಖಾಲಿ! ಗೋಡೆಗೆ ಹೊಸ ಸುಣ್ಣ, ನೆಲಕ್ಕೆ ಹೊಸ ಸಾರಣೆ. ಹೊಸ ಜೋಡಿಗೆಂದು ಇಷ್ಟೆಲ್ಲ ಮಾಡಿಸಿದ್ದಾರಲ್ಲ, ಎಂಥ ದೊಡ್ಡ ಮನಸ್ಸಿನ ಜನ ಎಂದು ನನ್ನ ಎದೆ ತುಂಬಿ ಬಂತು. ಮೆಲ್ಲಗೆ ನನ್ನ ಟ್ರಂಕು ಒಳಗಿಟ್ಟೆ.

ಭಾವನವರ ಹೆಂಡತಿ, ನಾನು ಅಕ್ಕ ಎಂದು ಕರೆಯುತ್ತಿದ್ದೆ, ಓಡಿ ಬಂದು ಟ್ರಂಕನ್ನು ಈಚೆಗೆ ಎಳೆದರು.

"ಬ್ಯಾಡ ಕಣಮ್ಮ. ಅದು ನಾಗು ಕೋಣೆ."

"ನಾಗು ಅಂದ್ರೆ ಯಾರಕ್ಕ?"

ಅಕ್ಕ ಸೊಂಟದ ಮೇಲಿದ್ದ ಕೂಸನ್ನು ತೋರಿಸಿದರು. ಎಂಟು ತಿಂಗಳ ಮಗು! ನೆಟ್ಟಗೆ ಕೂರಲೂ ಬಾರದು. ಅದಕ್ಕೊಂದು ಕೋಣೆ, ಬಾಗಿಲು, ಬಾಗಿಲಿಗೆ ಚಿಲಕ! ಇಡೀ ಹೋಬಳಿಯಲ್ಲಿ ಯಾವ ಮಗುವಿಗೆ ಕೋಣೆ ಇತ್ತು? ಅಮ್ಮನಿಗೂ ಅಜ್ಜಿಗೂ ನಡುವೆ ಚಾಪೆ ಎಷ್ಟು ಉಳಿಯುತ್ತದೋ ಅಷ್ಟು ಮಗುವಿನ ಪಾಲು. ಆದರೆ ನಮ್ಮ ಭಾವನವರು ನಕ್ಷೆ ಕೊಡಲು ಬೆಂಗಳೂರಿನ ದಂಡಿನ ಕಡೆ, ಯಾರೋ ಬಿಳಿ ದೊರೆಯ ಬಂಗಲೆಗೆ ಹೋಗಿದ್ದರಂತೆ. ಅಲ್ಲಿ ಬಾಗಿಲ ಸಂದಿಯಲ್ಲಿ ಮಗುವಿನ ಕೋಣೆಯೊಂದನ್ನು ಕಂಡರಂತೆ. "ಮಗು ಬೆಳೆದಂಗೆ ರೂಮೂ ಬದ್ಲಾಯಿಸ್ತಾರೆ ಸಾರ್" ಎಂದು ಅಲ್ಲಿನ ಬಟ್ಲರ್ ಹೇಳಿದನಂತೆ. ಆ ಬಟ್ಲರ್ ಬಾಯಿ ಮುಚ್ಚಿಕೊಂಡು ಇದ್ದಿದ್ದರೆ ನನ್ನ ಸಂಸಾರ ನೆಟ್ಟಗಿರುತ್ತಿತ್ತು.

ಹಾಗಾದರೆ ವಾಡೆಗಳು ಎಲ್ಲಿ ಹೋದವು? ಹಜಾರಕ್ಕೆ! ನಾವು ಎಲ್ಲಿ ಹೋದೆವು? ವಾಡೆಗಳ ಸಂದಿಗೆ! ನನಗಿಂತ ಎತ್ತರದ ಎರಡು ವಾಡೆಗಳ ನಡುವೆ ನನ್ನ ದಾಂಪತ್ಯ ಶುರುವಾಯಿತು. ನನ್ನ ಗಂಡ ಏನಾದರೂ ಪಿಸುಗುಟ್ಟಿದರೆ ಅರ್ಧ ಖಾಲಿಯಾದ ವಾಡೆ ಅದನ್ನೇ ಎರಡರಷ್ಟು ಜೋರಾಗಿ ಹೇಳುತ್ತಿತ್ತು. ಆಚೆಯಿಂದ ಅತ್ತೆ, "ಏನಂದೆಯೋ?" ಎನ್ನುವರು.

ಭಾವನ ಎದುರು ನಿಂತು ಮಾತಾಡುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಆದ್ದರಿಂದ ನನ್ನ ಬೈಗುಳವನ್ನೆಲ್ಲ ಒರಳುಕಲ್ಲಿನ ಮುಂದೆ ಕೂತು ಅದಕ್ಕೇ ಹೇಳುತ್ತಿದ್ದೆ. ಆ ಕಲ್ಲಿಗೆ ಕಿವಿ ಇದ್ದಿದ್ದರೆ ಎಂದೋ ಸೀಳು ಬಿಡುತ್ತಿತ್ತು.

ಮೊದಲು ಬಂದದ್ದು ಮಂಚದ ಹುಚ್ಚು. ಆಚಾರಿಯನ್ನು ಕರೆಸಿದರು.

"ಆಚಾರಿ, ಮಂಚ ಈಗ ಎರಡು ಮೊಳ ಸಾಕು. ಆಮೇಲೆ ವರ್ಸ ವರ್ಸ ಉದ್ದ ಆಗ್ತಾ ಹೋಗ್ಬೇಕು."

ಆಚಾರಿ ಅಂಗಳಕ್ಕೆ ಹೋಗಿ ಎಲೆಯಡಿಕೆ ಉಗುಳಿ ಬಂದ. "ಸ್ವಾಮಿ, ಹಂಗಾದ್ರೆ ಹಸಿ ಮರದಲ್ಲೇ ಮಾಡ್ಬಿಡ್ತೀನಿ. ದಿನಾ ಒಂದ್ ಬಿಂದಿಗೆ ನೀರು ಹುಯ್ಸಿ. ತಾನೇ ಬೆಳ್ಕೊಳ್ತದೆ!"

ನಾವೆಲ್ಲ ಸೆರಗು ಬಾಯಿಗೆ ಒತ್ತಿಕೊಂಡೆವು. ಭಾವನವರು ಮಾತ್ರ ಗಂಭೀರವಾಗಿ ಯೋಚಿಸಿ, "ಗೆದ್ದಲು ಹಿಡೀತದಲ್ಲಯ್ಯ" ಎಂದರು.

ಕೊನೆಗೆ ಒಂದರೊಳಗೊಂದು ಕೂರುವ ಹಲಗೆಗಳ ಮಂಚ ಬಂತು, ಎಳೆದಷ್ಟೂ ಉದ್ದವಾಗುವಂಥದ್ದು. ನಾಗುವನ್ನು ಅದರ ಮೇಲೆ ಮಲಗಿಸಿದ್ದೇ ತಡ, ಕೆರೆ ಏರಿಯವರೆಗೂ ಕೇಳುವಂತೆ ಕಿರುಚಿ, ಅಜ್ಜಿಯ ಮಗ್ಗುಲಿಗೆ ಹೋದ ಮೇಲೇ ಸುಮ್ಮನಾದಳು. ಆ ವಾರದಲ್ಲೇ ನಮ್ಮ ಬೆಕ್ಕು ಆ ಮಂಚದ ಮೇಲೆ ನಾಲ್ಕು ಮರಿ ಹಾಕಿತು. ಭಾವನವರು ಬೇಸರಪಟ್ಟರೇ? ಉಂಟೇ! ಬೆಕ್ಕಿಗೆ ಹತ್ತಲು ಸುಲಭವಾಗಿದೆ ಎಂದ ಮೇಲೆ ಎತ್ತರ ಸಾಲದು ಎಂದು ತಮ್ಮ ಪುಸ್ತಕದಲ್ಲಿ ಬರೆದುಕೊಂಡರು.

ಆಮೇಲೆ ಚಿತ್ರಕಲೆ. ಕೂಸು ಅಂಗಾತ ಮಲಗುತ್ತದೆ, ಆದ್ದರಿಂದ ಕೂಸು ನೋಡುವುದು ಮೇಲೆ, ಆದ್ದರಿಂದ ಚಿತ್ರ ಇರಬೇಕಾದದ್ದು ಅಟ್ಟದ ಹಲಗೆಯ ಕೆಳಮೈಗೆ! ಏಣಿ ಹಾಕಿಕೊಂಡು ಎರಡು ಭಾನುವಾರ ಕೆಮ್ಮಣ್ಣು, ನೀಲಿ, ಮಸಿ ಕಲಸಿ ಆನೆ ಬರೆದರು. ಬಣ್ಣ ಅರ್ಧ ಹಲಗೆಗೆ, ಅರ್ಧ ಅವರ ಮೂತಿಗೆ. ಅತ್ತೆ ಬಾಗಿಲಲ್ಲಿ ನಿಂತು ಕಣ್ಣಿಗೆ ಕೈ ಮರೆಮಾಡಿ ಬಹಳ ಹೊತ್ತು ನೋಡಿದರು.

"ಎಲಾ, ಈ ಹಂದಿಗೆ ಯಾಕ್ಲಾ ಎರಡೂ ಕಡೆ ಬಾಲ?"

ಮಗು ತೆವಳಲು ಶುರುಮಾಡಿದ ಮೇಲೆ ಆನೆ ಅಟ್ಟದಿಂದ ಇಳಿದು ನೆಲದಿಂದ ಒಂದು ಮೊಳದೆತ್ತರದಲ್ಲಿ ಗೋಡೆ ಸೇರಿತು. ಅದರ ಹಿಂದೆ ಒಂಟೆ, ಕುದುರೆ, ನವಿಲು. ದೊಡ್ಡವರು ನೋಡಬೇಕೆಂದರೆ ಮಂಡಿ ಊರಬೇಕು. ಇದನ್ನು ಮನೆಯವರಿಗೆ ಮಾಡಿಸಿದ್ದು ಹೋಗಲಿ, ಒಮ್ಮೆ ಬೆಂಗಳೂರಿನಿಂದ ಬಂದಿದ್ದ ಅವರ ಮೇಲಧಿಕಾರಿಗೂ ಮಾಡಿಸಬೇಕೇ! ಕಾಫಿ ಕುಡಿದು ಹೊರಡಬೇಕೆಂದಿದ್ದ ಆ ಪುಣ್ಯಾತ್ಮರನ್ನು ಕೋಣೆಗೆ ಕರೆದೊಯ್ದು, "ಮಗುವಿನ ಕಣ್ಣಿಂದ ನೋಡ್ಬೇಕು ಸಾರ್, ಸ್ವಲ್ಪ ಬಗ್ಗಿ" ಎಂದರು. ಪಾಪ, ಅವರು ಬಗ್ಗಿದರು. "ಇನ್ನೂ ಸ್ವಲ್ಪ ಸಾರ್." ಕಚ್ಚೆಪಂಚೆ ಉಟ್ಟು ಜರಿ ಪೇಟ ಸುತ್ತಿದ್ದ ಅಧಿಕಾರಿ ಕೈಯೂರಿ ನಾಲ್ಕು ಕಾಲಿನ ಮೇಲೆ ನಿಂತರು. ಅಷ್ಟರಲ್ಲಿ ನಾಗು ಎಲ್ಲಿಂದಲೋ ಬಂದು ಅವರ ಬೆನ್ನು ಹತ್ತಿ, "ಹೈ, ಹೈ!" ಎಂದಳು.

ಆ ವರ್ಷ ಭಾವನವರಿಗೆ ಬಡ್ತಿ ಬರಲಿಲ್ಲ. ಯಾಕೆ ಬರಲಿಲ್ಲ ಎಂಬುದು ಅವರಿಗೆ ಕೊನೆಗೂ ತಿಳಿಯಲಿಲ್ಲ.

ಕಿಟಕಿಯ ಕತೆ ಇನ್ನೊಂದು. ಮೂರು ವರ್ಷದ ಮಗುವಿನ ಎತ್ತರಕ್ಕೆ ಗೋಡೆ ಒಡೆಸಿ ಕಿಟಕಿ ಇಡಿಸಿದರು. ಮಗು ಅದರಿಂದ ಆಚೆ ನೋಡಿತೋ ಇಲ್ಲವೋ, ಪಕ್ಕದ ಮನೆಯ ಮೇಕೆ ಅದರಿಂದ ಒಳಗೆ ನೋಡಿತು. ನೋಡಿದ್ದು ಮಾತ್ರವಲ್ಲ, ಅಕ್ಕ ಒಣಗಲು ಹಾಕಿದ್ದ ರವಿಕೆಯ ಒಂದು ತೋಳನ್ನು ತಿಂದು ಹೋಯಿತು. ಮಗು ಐದಕ್ಕೆ ಬಂದಾಗ ಆ ಕಿಟಕಿ ಮುಚ್ಚಿಸಿ ಅದರ ಮೇಲೊಂದು ಒಡೆಸಿದರು. ಆ ಗೋಡೆ ತೇಪೆ ಹಾಕಿದ ಕಂಬಳಿಯಂತಾಗಿತ್ತು. ಇಷ್ಟೆಲ್ಲ ಆದರೂ ನಾಗು ಮಲಗುತ್ತಿದ್ದದ್ದು ಎಲ್ಲಿ? ಹಜಾರದಲ್ಲಿ, ಅಜ್ಜಿಯ ಪಕ್ಕ! ಕೋಣೆಯಲ್ಲಿ ನಿಜವಾಗಿ ವಾಸ ಮಾಡುತ್ತಿದ್ದದ್ದು ಬೆಕ್ಕು ಮತ್ತು ಭಾವ.

"ಮಗಳಿಗೆ ಮದ್ವೆ ಆಗೋ ಹೊತ್ತಿಗೆ ಕೋಣೆಗೆ ಚಪ್ಪರ ಹಾಕ್ಸಿ ಧಾರೆ ಎರೀತಾರೆ" ಎಂದು ನಾನು ಒರಳುಕಲ್ಲಿಗೆ ಹೇಳಿದೆ.

ನಾಗುವಿಗೆ ಏಳು ತುಂಬಿದ ವರ್ಷ ವಿಷಮಶೀತ ಜ್ವರ ಬಂತು.

ಮೊದಲ ವಾರ ಗಂಜಿ, ಕಷಾಯ. ಎರಡನೆಯ ವಾರ ನೆಲಮಂಗಲದಿಂದ ಡಾಕ್ಟರು ಜಟಕಾದಲ್ಲಿ ಬಂದರು. ನಾಡಿ ಹಿಡಿದು, ನಾಲಗೆ ನೋಡಿ, "ಇನ್ನೊಂದು ವಾರ ಹೋಗ್ಲಿ, ನೋಡೋಣ" ಎಂದರು. ಹಾಗೆನ್ನುವಾಗ ಅವರು ನಮ್ಮ ಮುಖ ನೋಡಲಿಲ್ಲ. ಮೂರನೆಯ ವಾರ ಮಗು ಕರೆದರೂ ಕಣ್ಣು ಬಿಡದಂತಾಯಿತು. ಅಕ್ಕ ಹಜಾರದಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡು ಹಣೆಗೆ ಒದ್ದೆ ಬಟ್ಟೆ ಬದಲಾಯಿಸುತ್ತಲೇ ಇದ್ದರು. ನನ್ನ ಗಂಡ ಅಂಗಳದಲ್ಲಿ ಸುಮ್ಮನೆ ಕೂತುಬಿಟ್ಟಿದ್ದರು. ಅತ್ತೆ ದೇವರ ಮುಂದಿನಿಂದ ಎದ್ದಿರಲಿಲ್ಲ.

ಆಗ ಕೋಣೆಯಿಂದ ಗರಗಸದ ಸದ್ದು ಬಂತು.

ಮೊದಲು ನನಗೆ ನಂಬಿಕೆಯೇ ಆಗಲಿಲ್ಲ. ಸದ್ದು ನಿಲ್ಲಲಿಲ್ಲ. ಆಮೇಲೆ ಸುತ್ತಿಗೆ. ಠಣ್, ಠಣ್. ಪ್ರತಿ ಪೆಟ್ಟಿಗೂ ಮಗುವಿನ ರೆಪ್ಪೆ ಅದುರುತ್ತಿತ್ತು. ಏಳು ವರ್ಷ ಒರಳುಕಲ್ಲಿಗೆ ಹೇಳಿದ್ದೆಲ್ಲ ನನ್ನ ಗಂಟಲಿಗೆ ಬಂತು. ಎದ್ದು ಕೋಣೆಯ ಬಾಗಿಲಿಗೆ ಹೋದೆ.

"ಏನ್ ಭಾವ ಇದು! ಮಗು ಕಣ್ಣು ಬಿಡ್ತಿಲ್ಲ, ನಿಮಗೆ ಗರಗಸ ಬೇಕಾಯ್ತಾ? ಕರುಳು ಅನ್ನೋದು ಐತೋ ಇಲ್ವೋ ನಿಮಗೆ?"

ಅವರ ಎದುರು ನಿಂತು ನಾನಾಡಿದ ಮೊದಲ ಮಾತು ಅದು. ಅತ್ತೆಯ ಜಪದ ಮಣಮಣ ನಿಂತಿತು. ಭಾವ ತಿರುಗಿದರು. ಹುಬ್ಬಿನ ಮೇಲೆಲ್ಲ ಮರದ ಹೊಟ್ಟು. ಬಾಯಿಮಾಡಿದ್ದಕ್ಕೆ ಸಿಟ್ಟಾಗಲಿಲ್ಲ.

"ಹತ್ತು ವರ್ಸಕ್ಕೆ ಅವ್ಳಿಗೆ ಪುಸ್ತಕದ ಹಲಗೆ ಬೇಕಾಗ್ತದಮ್ಮ" ಎಂದರು. "ಈಗ್ಲೇ ಬಡಿದಿಡ್ತೀನಿ." ಮತ್ತೆ ಗೋಡೆಯ ಕಡೆ ತಿರುಗಿದರು.

ನಾನು ಕುದಿಯುತ್ತ ಬಂದು ಅಕ್ಕನ ಬಳಿ ಕುಸಿದೆ. "ಹೆಂಗ್ ಬಾಳ್ತಿದೀರಕ್ಕ ಇವರ ಜೊತೆ?"

ಅಕ್ಕ ಒದ್ದೆ ಬಟ್ಟೆ ಹಿಂಡಿದರು. ತಲೆ ಎತ್ತಲಿಲ್ಲ.

"ನಿಂಗೆ ಯಾರೂ ಹೇಳಿಲ್ಲ, ಅಲ್ವಾ? ಇವಳಿಗಿಂತ ಮುಂಚೆ ಎರಡು ಇದ್ವು ಕಣೇ. ಒಂದು ಐದು ತಿಂಗಳಿಗೆ ಹೋಯ್ತು. ಇನ್ನೊಂದು ಹಲ್ಲು ಬರೋ ಹೊತ್ತಿಗೆ. ದೃಷ್ಟಿ ಆಗ್ತದೆ ಅಂತ ಅತ್ತೆ ಒಂದು ತೊಟ್ಲೂ ತರಕ್ಕೆ ಬಿಟ್ಟಿರಲಿಲ್ಲ. ಎರಡೂ ಹೋದ್ಮೇಲೆ ಎತ್ತಿಡಕ್ಕೆ ಅಂತ ಮನೇಲಿ ಅವುಗಳದ್ದು ಒಂದು ಸಾಮಾನೂ ಇರಲಿಲ್ಲ." ಬಟ್ಟೆಯನ್ನು ಹಣೆಯ ಮೇಲೆ ಹರಡಿದರು. "ಇವ್ಳು ಹುಟ್ಟಿದ್ ದಿನ ಇವ್ರು ವಾಡೆ ಎಲ್ಲ ಈಚೆ ತಳ್ಳಿಸಿದ್ರು. ಯಾಕ್ರೀ ಅಂದೆ. ಇವ್ಳು ಬೆಳೀತಾಳೆ ಅಂತ ಮನೆಗೆ ಗೊತ್ತಾಗ್ಲಿ ಅಂದ್ರು."

ನಾನು ಬೋಗುಣಿಯ ನೀರು ಬದಲಾಯಿಸಿ ತಂದಿಟ್ಟೆ. ಕೋಣೆಯಲ್ಲಿ ಏನೋ ಬಿದ್ದ ಸದ್ದಾಯಿತು. ಹೋಗಿ ನೋಡಿದರೆ ಒಬ್ಬರೇ ಹಲಗೆಯನ್ನು ಗೋಡೆಗೆ ಒತ್ತಿ ಹಿಡಿದು ಮೊಳೆ ಬಡಿಯಲು ನೋಡುತ್ತಿದ್ದಾರೆ, ಹಲಗೆಯ ಆ ಕೊನೆ ಜಾರಿ ಜಾರಿ ಕೆಳಗೆ ಬರುತ್ತಿದೆ. ನಾನು ಸೆರಗು ಸಿಕ್ಕಿಸಿಕೊಂಡು ಆ ಕೊನೆಯನ್ನು ಎತ್ತಿ ಹಿಡಿದೆ. ಭಾವ ನನ್ನ ಕಡೆ ನೋಡಲಿಲ್ಲ.

"ಇನ್ನರ್ಧ ಅಂಗುಲ ಮೇಲೆ" ಎಂದರು.

ಎತ್ತಿದೆ. ಮೊಳೆಗಳೆಲ್ಲ ಸೊಟ್ಟಗೆ ಹೋದವು. ನನ್ನ ಕಣ್ಣಿಗೂ ಆಗ ಯಾವುದೂ ನೆಟ್ಟಗೆ ಕಾಣುತ್ತಿರಲಿಲ್ಲ.

ಅದಾದ ಐದನೆಯ ದಿನ ಬೆಳಿಗ್ಗೆ ನಾಗು ಬೆವೆತಳು, ಜ್ವರ ಇಳಿಯಿತು. ಕಣ್ಣು ಬಿಟ್ಟು ಅಜ್ಜಿಯನ್ನು ಕೇಳಿದ್ದು ಹುಣಿಸೆಹಣ್ಣು. ಮತ್ತೆ ಎರಡು ವಾರದ ಮೇಲೆ, ಕಡ್ಡಿಯಂಥ ಕಾಲುಗಳ ಮೇಲೆ ಗೋಡೆ ಹಿಡಿದುಕೊಂಡು ತಾನಾಗಿಯೇ ಆ ಕೋಣೆಗೆ ನಡೆದು ಹೋದಳು. ಹೊಸ ಹಲಗೆ ಕಂಡು ಕೈ ಚಾಚಿದಳು. ಸಿಗಲಿಲ್ಲ. ತುದಿಗಾಲಲ್ಲಿ ನಿಂತಳು. ಆಗಲೂ ಸಿಗಲಿಲ್ಲ.

"ಅಪ್ಪ, ನಂಗೆ ಎಟಕ್ತಾನೇ ಇಲ್ಲ!"

ಭಾವನವರು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಅವರು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು.

"ಈಗ್ಲೇ ಎಟಕ್ಬಾರ್ದು ಕಣಮ್ಮ" ಎಂದರು. "ಇನ್ನೂ ಮೂರು ವರ್ಸ ಐತೆ."