ಚಿಕ್ಕಪ್ಪನ ತಲೆಗೊಂದು ತಲುಪು

ನಮ್ಮ ಚಿಕ್ಕಮ್ಮನಿಗೆ ಎರಡು ಭಾಷೆ ಬರುತ್ತವೆ ಎನ್ನುವುದು ಶುದ್ಧ ಸುಳ್ಳು. ಬರುವುದು ಒಂದೇ. ಅದರಲ್ಲಿ ಕನ್ನಡ ಎಲ್ಲಿ ಮುಗಿದು ತೆಲುಗು ಎಲ್ಲಿ ಶುರುವಾಗುತ್ತದೆಂದು ಇಡೀ ಗೌನಿಪಲ್ಲಿಯಲ್ಲಿ ಯಾರಿಗೂ ಗೊತ್ತಿಲ್ಲ.

ಚಿಕ್ಕಪ್ಪನಿಗೆ ಮರೆವಿನ ಕಾಯಿಲೆ. ಈಚೆಗೆ ಹೆಂಡತಿಯನ್ನೇ "ಅಮ್ಮಾ, ತಾವು ಯಾರ ಮನೆಯವರು?" ಅಂತ ಕೇಳುತ್ತಾರೆ. "ಕೊನೆಗೂ ಮರ್ಯಾದೆ ಕಲಿತ್ರು ನೋಡು" ಎಂದು ಚಿಕ್ಕಮ್ಮ ಬೀದಿಗೆಲ್ಲ ಸಾರಿದರು.

ಇಬ್ಬರನ್ನೂ ಕೋಲಾರದ ಡಾಕ್ಟರ ಹತ್ತಿರ ಕರೆದೊಯ್ದೆ. "ಎಷ್ಟೋ ಔಷಧಿ ಮೆದುಳಿಗೆ ತಲುಪಲ್ಲಮ್ಮ" ಅಂದರು ಡಾಕ್ಟರು. ತೆಲುಗಿನಲ್ಲಿ ತಲುಪು ಅಂದರೆ ಬಾಗಿಲು. ಬಸ್ಸಿನಲ್ಲಿ ಚಿಕ್ಕಮ್ಮ ಶುರು ಮಾಡಿದರು:

"ತಲುಪು ಲೇದಂಟ! ಬಾಗಿಲೇ ಇಲ್ದಿದ್ರೆ ಇಷ್ಟು ವರ್ಷ ಇಸ್ಪೀಟು ಯಾವ ಕಡೆಯಿಂದ ಒಳಗೆ ಹೋಯ್ತಂತೆ?"

ಮನೆಗೆ ಬಂದು, ತಪ್ಪು ತಿದ್ದಲೆಂದು ನನ್ನ ಮಗಳಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದೆ. ಅವಳು ಬೆಂಗಳೂರಿನ ಲ್ಯಾಬೊಂದರಲ್ಲಿ ಇಲಿಗಳ ಮೆದುಳಿನ ಸಂಶೋಧನೆಯಲ್ಲಿದ್ದಾಳೆ.

"ಅಜ್ಜಿ ಹೇಳಿದ್ದೇ ಸರಿ ಅಪ್ಪ, ಇದು ಬಾಗಿಲಿನ ವಿಷಯವೇ. ಮೆದುಳಿನ ರಕ್ತನಾಳಕ್ಕೆ ಬಿಗಿಯಾದ ಕಾವಲಿದೆ. ನಾವು ಅಲ್ಟ್ರಾಸೌಂಡಿನಿಂದ ಅದನ್ನ ಸ್ವಲ್ಪ ಹೊತ್ತು ತೆರೀತೀವಿ."

ತಲೆಬುರುಡೆಯೊಳಗೆ ಶಬ್ದ ಬಿಡುವುದೆಂದು ಕೇಳಿಯೇ ನನ್ನ ಎಡಗಿವಿ ಗುಂಯ್ ಎಂದಿತು. ಚಿಕ್ಕಮ್ಮನಿಗೆ ಅದೇನೂ ತಟ್ಟಲಿಲ್ಲ.

"ತೆರೀತು ಅಂತ ನಿನಗೆ ಹೇಗೆ ಗೊತ್ತಾಗುತ್ತೆ?"

"ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಅಜ್ಜಿ, ನ್ಯಾನೋ ಕಣ ಅಂತಾರೆ. ರಕ್ತಕ್ಕೆ ಬಿಡ್ತೀವಿ. ಎಲ್ಲಿ ತೆರೆದಿದೆಯೋ ಅಲ್ಲಿ ಮಾತ್ರ ಒಳಗೆ ನುಗ್ತವೆ. ಸ್ಕ್ಯಾನಿಂಗಲ್ಲಿ ಆ ಜಾಗ ಎದ್ದು ಕಾಣುತ್ತೆ."

"ತಿರುಗಾ ಮುಚ್ಚೋರು ಯಾರು?"

"ಕೆಲವು ಗಂಟೆ ಆದ್ಮೇಲೆ ತಾನೇ ಮುಚ್ಕೊಳ್ಳುತ್ತೆ."

"ನಿಮ್ಮಪ್ಪನಿಗಿಂತ ವಾಸಿ. ಇವನು ಬಂದುಹೋದ್ರೆ ಮಾವಿನ ತೋಪಿನ ಗೇಟು ನಾನೇ ಮುಚ್ಚಬೇಕು."

ಬಾಗಿಲ ಚಿಂತೆಯಲ್ಲೇ ಅರ್ಧ ಆಯುಷ್ಯ ಕಳೆದವನು ನಾನು. ಬೀಗ ಜಗ್ಗಿ ನೋಡದೆ ಮನೆ ಬಿಟ್ಟವನಲ್ಲ. ಆದರೆ ಸಾಕ್ಷಿ ಹೇಳುವವರು ಯಾರು? ಚಿಕ್ಕಪ್ಪ ನನ್ನನ್ನೇ ವಿದ್ಯುತ್ ಮೀಟರು ನೋಡಲು ಬಂದವನೆಂದು ನಂಬಿದ್ದರು.

"ಹಾಗಿದ್ರೆ ತಾತನಿಗೆ ಯಾವಾಗ ಮಾಡ್ತೀಯ?"

"ನಮ್ಮದು ಇಲಿಗಳ ಮೇಲೆ ಮಾತ್ರ ಅಜ್ಜಿ. ತಾತನಿಗೆ ಆಗುತ್ತೆ ಅಂತ ನಾನು ಹೇಳಕ್ಕಾಗಲ್ಲ."

ಇಲಿಗಳ ಅದೃಷ್ಟಕ್ಕೊಂದು ಬೈಗುಳ ಬರುತ್ತದೆಂದು ಕಾದೆ. ಬರಲಿಲ್ಲ. ಚಿಕ್ಕಮ್ಮ ಒಮ್ಮೆ ಗಂಡನ ಕಡೆ ನೋಡಿ, ಫೋನನ್ನು ಬಾಯಿಗೆ ಹತ್ತಿರ ತಂದು ದನಿ ತಗ್ಗಿಸಿದರು.

"ತೆರೆದಾಗ ಔಷಧಿ ಒಳಗೆ ಹೋಗುತ್ತೆ, ಸರಿ. ಒಳಗಿರೋದು ಹೊರಗೂ ಬರುತ್ತೇನೇ?"

"ಏನು ಬರಬೇಕಜ್ಜಿ?"

"ನನ್ನ ಹೆಸರು ಕಣೇ."