ಮಾವ ಕಟ್ಟಿದ ಗೋಡೆಯೂ ನಾನು ಮಾಡಿದ ಭಾಷಣವೂ

ನಮ್ಮ ಕೈತೋಟದ ಗೋಡೆ ಬಿರುಕು ಬಿಟ್ಟ ದಿನ ನನಗಾದ ಸಂತೋಷವನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳುವಂತಿಲ್ಲ. ಸ್ವಂತ ಮನೆಯ ಗೋಡೆ ಒಡೆದದ್ದಕ್ಕೆ ಕುಣಿದಾಡುವವನನ್ನು ಲೋಕ ಏನೆಂದು ಕರೆಯುತ್ತದೆ ಎಂದು ನನಗೂ ಗೊತ್ತು. ಆದರೆ ಆ ಗೋಡೆ ಕಟ್ಟಿದವರು ಯಾರೆಂದು ತಿಳಿದ ಮೇಲೆ ಮದುವೆಯಾದ ಗಂಡಸರಾದರೂ ನನ್ನನ್ನು ಕ್ಷಮಿಸಿಯಾರು. ಕಟ್ಟಿದವರು ನನ್ನ ಮಾವ.

ಮಾವ ಗಾರೆ ಕೆಲಸದ ಮೇಸ್ತ್ರಿ. ಈಗ ಕೆಲಸ ಬಿಟ್ಟಿದ್ದಾರೆ, ಮೇಸ್ತ್ರಿತನ ಬಿಟ್ಟಿಲ್ಲ. ನಾವು ಈ ಮನೆ ಕೊಂಡಾಗ ಮಗಳಿಗೆ ಉಡುಗೊರೆಯಾಗಿ ಸ್ವಹಸ್ತದಿಂದ ಗೋಡೆ ಕಟ್ಟಿಕೊಟ್ಟರು. ಅಂದಿನಿಂದ ನಮ್ಮ ಮನೆಗೆ ಬಂದಾಗಲೆಲ್ಲ ಅವರು ಮೊದಲು ವಿಚಾರಿಸುವುದು ಗೋಡೆಯ ಕ್ಷೇಮವನ್ನು. ಚೀಲವನ್ನು ನನ್ನ ಕೈಗೆ ಕೊಟ್ಟು, ಗೋಡೆಯ ಮೇಲೆ ಅಂಗೈಯಿಂದ ಎರಡು ಏಟು ಬಾರಿಸಿ, "ನೋಡಿ ಅಳಿಯಂದ್ರೇ, ಆನೆ ಬಂದು ಗುದ್ದಿದ್ರೂ ಅಲ್ಲಾಡಲ್ಲ" ಎನ್ನುತ್ತಾರೆ. ಆಮೇಲೆ ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡುತ್ತಾರೆ. (ಒಂದು ಸಲ ನಾನು ಅದೇ ಗೋಡೆಗೆ ಒರಗಿ ನಿಂತಿದ್ದಾಗ, "ಪರವಾಗಿಲ್ಲ, ಇಬ್ಬರಲ್ಲಿ ಒಬ್ಬರಾದ್ರೂ ಗಟ್ಟಿ ಇದ್ದೀರಿ" ಎಂದಿದ್ದರು. ನನ್ನ ಹೆಂಡತಿ ನಕ್ಕಿದ್ದಳು. ಅದನ್ನು ನಾನು ಮರೆತಿಲ್ಲ.)

ಹೀಗಿರುವಾಗ ನಮ್ಮ ಬೀದಿಗೆ ಫುಟ್‌ಪಾತ್ ಬಂತು. ಬರುತ್ತದೆ ಬರುತ್ತದೆ ಎಂದು ಹೇಳಿ ಹೇಳಿ, ಎಲ್ಲರೂ ನಂಬುವುದನ್ನು ಬಿಟ್ಟ ಮೇಲೆ ಬಂತು. ದೊಡ್ಡದೊಂದು ಅಗೆಯುವ ಯಂತ್ರ ನಮ್ಮ ಗೋಡೆಯ ಮಗ್ಗುಲಲ್ಲೇ ಉದ್ದಕ್ಕೆ ಕಾಲುವೆ ತೋಡಿಕೊಂಡು ಹೊರಟಿತು. ಅಡುಗೆಮನೆಯ ಲೋಟಗಳು ತಾವಾಗಿಯೇ ಒಂದಕ್ಕೊಂದು ಡಿಕ್ಕಿ ಹೊಡೆಯತೊಡಗಿದವು. ಒಂದು ಬೆಳಿಗ್ಗೆ ನಾನು ಗಡ್ಡ ಹೆರೆದುಕೊಳ್ಳುತ್ತಿದ್ದಾಗ ಹೊರಗಿನಿಂದ 'ಚಟ್' ಎಂಬ ಶಬ್ದ ಕೇಳಿಸಿತು. ಅರ್ಧ ಮುಖದ ನೊರೆಯೊಂದಿಗೇ ಓಡಿದೆ. ಆನೆ ಬಂದರೂ ಅಲ್ಲಾಡದ ಗೋಡೆ ನಟ್ಟನಡುವೆ ಮೇಲಿನಿಂದ ಕೆಳಗಿನವರೆಗೆ ಬಾಯಿ ಬಿಟ್ಟಿತ್ತು. ಬೆರಳು ತೂರಿಸಿ ನೋಡಿದೆ. ಸಲೀಸಾಗಿ ಹೋಯಿತು. ಆ ಕ್ಷಣದ ಆನಂದವನ್ನು ಏನೆಂದು ಬಣ್ಣಿಸಲಿ.

ಹೆಂಡತಿ ಸೌಟು ಹಿಡಿದುಕೊಂಡೇ ಬಂದಳು. ಗೋಡೆಯ ಬುಡದ ಗುಲಾಬಿ ಗಿಡಗಳೆಲ್ಲ ಅವಳವು.

"ರೀ, ಗೋಡೆ ಒಡೆದು ಹೋಗಿದೆ, ನೀವು ನಗ್ತಾ ಇದ್ದೀರಾ?"

"ನಗು ಅಲ್ಲ ಕಣೇ, ನೊರೆ. ದೂರದಿಂದ ಹಾಗೆ ಕಾಣುತ್ತೆ."

"ನಾನು ಪಕ್ಕದಲ್ಲೇ ನಿಂತಿದ್ದೀನಿ."

ಅವಳು ಫುಟ್‌ಪಾತ್ ಕೆಲಸದವರಿಗೆ ನಾಲ್ಕು ಮಾತು ಬಿಸಿಬಿಸಿಯಾಗಿ ಹೇಳಿ, ನಿಮ್ಮ ಇಂಜಿನಿಯರನ್ನು ಕರೆಸಿ ಎಂದು ಕಟ್ಟಪ್ಪಣೆ ಮಾಡಿ ಸ್ನಾನಕ್ಕೆ ಹೋದಳು. ನಾನು ಮುಖ ಒರೆಸಿಕೊಂಡು ಮಾವನಿಗೆ ಫೋನ್ ಮಾಡಿದೆ. ದನಿಗೆ ಸಾಧ್ಯವಾದಷ್ಟು ದುಃಖ ತುಂಬಿಕೊಂಡೆ.

"ಮಾವ, ಹೇಗೆ ಹೇಳ್ಲೋ ಗೊತ್ತಾಗ್ತಿಲ್ಲ. ನಿಮ್ಮ ಗೋಡೆ ಬಿರುಕು ಬಿಟ್ಟುಬಿಡ್ತು."

ಜನ್ಮದಲ್ಲೇ ಮೊದಲ ಬಾರಿಗೆ ನನ್ನ ಮಾವನ ಬಾಯಿ ಕಟ್ಟಿತ್ತು. "ನಾಳೆ ಬರ್ತೀನಿ" ಎಂದಷ್ಟೇ ಹೇಳಿ ಇಟ್ಟರು.

ಫೋನ್ ಕೆಳಗಿಡುವಷ್ಟರಲ್ಲಿ ಇಂಜಿನಿಯರಮ್ಮ ಬಂದರು. ತಲೆಗೆ ಹಳದಿ ಟೋಪಿ, ಕಾಲಿಗೆ ಮಂಡಿಯವರೆಗೆ ಮಣ್ಣು. ಬಿರುಕನ್ನು ನೋಡಿ, "ನಮ್ಮ ಕೆಲಸದಿಂದ ಹಾಳಾಗಿದ್ರೆ ನಾವೇ ಕಟ್ಟಿಸಿಕೊಡ್ತೀವಿ ಸರ್. ಮೊದಲು ಗೋಡೆ ಹೇಗಿತ್ತು?" ಎಂದರು.

ಇದರಲ್ಲಿ ಮೊದಲನೆಯ ವಾಕ್ಯ ನನ್ನ ಕಿವಿಗೆ ಬೀಳಲೇ ಇಲ್ಲ. ಎರಡನೆಯದು ನೆಟ್ಟಗೆ ಎದೆಗೆ ಹೋಯಿತು. ಕಟ್ಟಿದಂದಿನಿಂದ ಆ ಗೋಡೆಯ ಬಗ್ಗೆ ನನ್ನ ಅಭಿಪ್ರಾಯವನ್ನು ಯಾರಾದರೂ ಕೇಳಿದ್ದಾರೆಯೇ?

"ಮೇಡಂ, ಅದರ ಕಥೆ ಏನು ಕೇಳ್ತೀರಿ? ಮೊದಲಿಂದಲೂ ಟೊಳ್ಳು. ಬೆಕ್ಕು ಹಾರಿದ್ರೆ ಅದುರ್ತಿತ್ತು. ನಿಮ್ಮ ಯಂತ್ರದ್ದು ಏನೇನೂ ತಪ್ಪಿಲ್ಲ."

ಇಂಜಿನಿಯರಮ್ಮನ ಮುಖ ಅರಳಿತು. "ನಿಮ್ಮಂಥವರು ಸಿಗೋದೇ ಅಪರೂಪ ಸರ್. ಹಾಗಾದ್ರೆ ನೀವೇ ಇದನ್ನ ಬೇಗ ಕೆಡವಿಸಿಬಿಡಿ, ಓಡಾಡೋರ ಮೇಲೆ ಬಿದ್ರೆ ಕಷ್ಟ. ಹೊಸದು ನಿಮ್ಮ ಖರ್ಚು."

ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಇಷ್ಟನ್ನೂ ಕೇಳಿಸಿಕೊಂಡಿದ್ದಳು. "ಮೇಡಂ, ದಯವಿಟ್ಟು ನಾಳೆ ಇನ್ನೊಂದು ಸಲ ಬನ್ನಿ. ಇವರಿಗೆ ಗಾಬರಿಯಲ್ಲಿ ಬಾಯಿ ತಪ್ಪುತ್ತೆ" ಎಂದು ಅವರನ್ನು ಕಳಿಸಿ, ಬಾಗಿಲು ಹಾಕಿ, ನನ್ನ ಕಡೆ ತಿರುಗಿದಳು.

"ಗೋಡೆ ಗಟ್ಟಿ ಇತ್ತು ಅಂದಿದ್ರೆ ಅವರೇ ಕಟ್ಟಿಸಿಕೊಡ್ತಿದ್ರು. ಈಗ ಕೆಡವೋದೂ ನಾವು, ಕಟ್ಟೋದೂ ನಾವು. ಅಲ್ಲೀತನಕ ನನ್ನ ಗುಲಾಬಿಗಳು ಬೀದಿಪಾಲು. ಅಪ್ಪನ ಮೇಲಿನ ಹೊಟ್ಟೆಕಿಚ್ಚು ತೀರ್ತಾ?"

"ಹೊಟ್ಟೆಕಿಚ್ಚಲ್ಲ, ಸತ್ಯ."

"ಸರಿ. ನಾಳೆ ಅಪ್ಪನ ಮುಂದೆ, ಆ ಮೇಡಂ ಮುಂದೆ, ಗೋಡೆ ಬಂಡೆ ಥರ ಇತ್ತು ಅಂತ ಹೇಳ್ತೀರಿ. ಇಲ್ಲದಿದ್ರೆ ನೀವೇ ಕರಣೆ ಹಿಡಿದು ಕಟ್ಟಿ. ನೀವು ಹೊಡೆದ ಮೊಳೆಗಳನ್ನ ನೋಡಿದ್ದೀನಲ್ಲ."

ಗೋಡೆ ದುರ್ಬಲವೆಂದರೆ ತೋಟ ಹೋಯಿತು, ಮನೆಯ ಶಾಂತಿಯೂ ಹೋಯಿತು. ಗಟ್ಟಿಯೆಂದರೆ ಮಾವ ಆಜೀವ ಗೆದ್ದಂತೆ. ಅತ್ತ ದರಿ, ಇತ್ತ ಪುಲಿ. ಪುಲಿ ಮರುದಿನ ಬೆಳಗಿನ ಬಸ್ಸಿಗೇ ಬಂತು.

ಆದರೆ ಮಾವ ಎಂದಿನಂತೆ ಗೋಡೆಗೆ ಏಟು ಹಾಕಲಿಲ್ಲ. ಬಿರುಕಿನ ಅಂಚನ್ನು ಬೆರಳಿನಿಂದ ಸವರಿ, ತಲೆ ತಗ್ಗಿಸಿ, "ನನ್ನ ಕೈ ಸೋತಿತ್ತೇನೋ" ಎಂದರು. ನಿಜ ಹೇಳುತ್ತೇನೆ, ನನಗೆ ಪಾಪ ಎನಿಸಿತು. ಗೆದ್ದವನಿಗೆ ಹೀಗಾಗಬಾರದಿತ್ತು. ಅಷ್ಟರಲ್ಲಿ ಇಂಜಿನಿಯರಮ್ಮ ಬಂದರು. ಹೆಂಡತಿ ಹಿಂದಿನಿಂದ ಬೆನ್ನಿಗೆ ತಿವಿದಳು. ನಾನು ಗಂಟಲು ಸರಿಮಾಡಿಕೊಂಡು ಶುರುಮಾಡಿದೆ.

"ಮೇಡಂ, ನಿನ್ನೆ ನಾನು ಹೇಳಿದ್ದೆಲ್ಲ ಸುಳ್ಳು. ಇದು ಬರೀ ಗೋಡೆ ಅಲ್ಲ, ಕೋಟೆ. ಇದನ್ನ ಕಟ್ಟಿದ ಕೈಗಳು ಇಗೋ ಇಲ್ಲಿವೆ. ಬಿರುಗಾಳಿಗೆ ಎದುರುಮನೆ ಗೇಟು ಹಾರಿಹೋದಾಗ ಇದರ ಸುಣ್ಣ ಕೂಡ ಉದುರಲಿಲ್ಲ. ಲಾರಿ ಹಿಂದಕ್ಕೆ ಬಂದು ಗುದ್ದಿದಾಗ ಜಜ್ಜಿಹೋದದ್ದು ಲಾರಿ." (ಅದು ಲಾರಿಯಲ್ಲ, ನನ್ನ ಸೈಕಲ್ಲು. ಆದರೆ ಭಾಷಣಕ್ಕೆ ಓಘ ಬಂದುಬಿಟ್ಟಿತ್ತು.) "ಈ ಗೋಡೆ ಇರೋದ್ರಿಂದ ನಾನು ಕಣ್ತುಂಬ ನಿದ್ದೆ ಮಾಡ್ತಿದ್ದೀನಿ. ಆನೆ ಬಂದು ಗುದ್ದಿದ್ರೂ ಇದು ಅಲ್ಲಾಡಲ್ಲ ಮೇಡಂ."

ಹೀಗೆಂದು, ಆ ಆವೇಶದಲ್ಲಿ, ಥೇಟು ಮಾವನಂತೆಯೇ ಅಂಗೈಯಿಂದ ಎರಡು ಏಟು ಬಾರಿಸಿದೆ.

ಮೊದಲನೆಯ ಏಟನ್ನು ಗೋಡೆ ಸಹಿಸಿಕೊಂಡಿತು. ಎರಡನೆಯದಕ್ಕೆ ಅರ್ಧ ಗೋಡೆ ನಿಧಾನವಾಗಿ ಹೊರಕ್ಕೆ ವಾಲಿ, ಹೊಸ ಫುಟ್‌ಪಾತಿನ ಕಾಲುವೆಯೊಳಗೆ ದಬದಬನೆ ಮಲಗಿತು. ಧೂಳು ಅಡಗಿದ ಮೇಲೆ ಹೆಂಡತಿ ಮಾತಾಡಿದಳು. ಅದನ್ನು ಇಲ್ಲಿ ಬರೆಯುವುದಿಲ್ಲ.

ಇಂಜಿನಿಯರಮ್ಮ ಕಾಲುವೆಗೆ ಇಳಿದು, ಗೋಡೆ ಬಿದ್ದ ಜಾಗವನ್ನು ಬಗ್ಗಿ ನೋಡಿ, ಪೆಚ್ಚುಮೋರೆ ಹಾಕಿಕೊಂಡು ಮೇಲೆ ಬಂದರು. "ತಪ್ಪು ನಮ್ಮದೇ. ಯಂತ್ರದವನು ಪಾಯದ ಅಡಿಯ ಮಣ್ಣನ್ನೇ ಕೆರೆದು ತೆಗೆದಿದ್ದಾನೆ. ಇಷ್ಟು ದಿನ ಅದು ಗಾಳಿಯಲ್ಲಿ ನಿಂತಿದ್ದೇ ದೊಡ್ಡದು. ನಾವೇ ಕಟ್ಟಿಸಿಕೊಡ್ತೀವಿ." ಆಮೇಲೆ ಮಾವನ ಕಡೆ ತಿರುಗಿ, "ಯಜಮಾನರೇ, ಸಾಮಾನು, ಆಳು ನಮ್ಮದು. ನೀವೇ ನಿಂತು ಕಟ್ಟಿಸ್ತೀರಾ? ನಿಮ್ಮ ಅಳಿಯ ಇಷ್ಟು ಹೇಳಿದ ಮೇಲೆ ಬೇರೆ ಯಾರನ್ನ ಹುಡುಕಲಿ?" ಎಂದರು.

ಮಾವ ತಲೆ ಎತ್ತಿದರು. ಮತ್ತೆ ಇಳಿಸಲಿಲ್ಲ.

ಗೋಡೆ ಮೊದಲಿಗಿಂತ ಒಂದು ಗೇಣು ಎತ್ತರವಾಗಿ ಎದ್ದಿತು. ಅಷ್ಟಕ್ಕೇ ಮುಗಿಯಲಿಲ್ಲ. ಕೆಲಸ ನೋಡಿ ಮೆಚ್ಚಿದ ಇಂಜಿನಿಯರಮ್ಮ, ಬೀದಿಯಲ್ಲಿ ಬಿರುಕು ಬಿಟ್ಟ ಉಳಿದ ಗೋಡೆಗಳ ಉಸ್ತುವಾರಿಯನ್ನೂ ಮಾವನಿಗೇ ವಹಿಸಿದರು. ನಮ್ಮ ಬೀದಿ ಊರಿನಲ್ಲೇ ಉದ್ದನೆಯದು. ಯಂತ್ರವಂತೂ ಸಿಕ್ಕ ಗೋಡೆಯನ್ನೆಲ್ಲ ಮಾತಾಡಿಸಿಕೊಂಡು ಹೋಗುತ್ತಿದೆ. ನನ್ನ ಓದುವ ಕೋಣೆ ಈಗ ಮಾವನದು, ನನ್ನ ಒರಗು ಕುರ್ಚಿಯೂ ಮಾವನದು. ಹೊಸ ಗಾರೆ ಬಿಗಿಯಲು ಗೋಡೆಗೆ ಬೆಳಿಗ್ಗೆ ಸಂಜೆ ನೀರು ಉಣಿಸಬೇಕು. ಆ ಪೈಪು ಮಾತ್ರ ನನ್ನದು. ಮಾವ ಕುರ್ಚಿಯಲ್ಲಿ ಕೂತು, "ನೀರು ಹಾಕಿ ಸಾಕು ಅಳಿಯಂದ್ರೇ, ಕೈ ಮಾತ್ರ ತಾಗಿಸಬೇಡಿ" ಎಂದು ಎಚ್ಚರಿಸುತ್ತಿರುತ್ತಾರೆ.

ಅದನ್ನಾದರೂ ಸಹಿಸಿಕೊಂಡೇನು. ದಾರಿಯಲ್ಲಿ ಹೋಗುವ ಯಾರಾದರೂ ಗೋಡೆ ಚೆನ್ನಾಗಿದೆ ಎಂದರೆ ಸಾಕು, ಮಾವ ಅವರನ್ನು ಹಿಡಿದು ನಿಲ್ಲಿಸಿ, "ಅಳಿಯಂದ್ರೇ, ಆವತ್ತು ಹೇಳಿದ್ರಲ್ಲ, ಇವರಿಗೂ ಒಂದು ಸಲ ಹೇಳಿಬಿಡಿ" ಎನ್ನುತ್ತಾರೆ. ನಾನು ಪೈಪನ್ನು ಕೆಳಗಿಟ್ಟು, "ಇದು ಬರೀ ಗೋಡೆ ಅಲ್ಲ, ಕೋಟೆ" ಎಂದು ಶುರುಮಾಡುತ್ತೇನೆ. ಲಾರಿಯ ಭಾಗವನ್ನು ನಾನು ಮರೆತರೆ, ಗುಲಾಬಿ ಗಿಡಗಳ ನಡುವಿನಿಂದ ಹೆಂಡತಿ ನೆನಪಿಸುತ್ತಾಳೆ.